ಬಿಸ್ಕತ್ತಿನ ಅಪ್ಪ

ನಮ್ಮ ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಲ್ಲಿರುವ ಅವರ ಹೆಸರು ನನಗೆ ಗೊತ್ತಿಲ್ಲ. ಮೂರು ವರ್ಷದಿಂದ ದಿನಾ ಲಿಫ್ಟಿನಲ್ಲಿ ಸಿಗುತ್ತಾರೆ. ಅವರ ಗೃಹಪ್ರವೇಶದ ಹೋಳಿಗೆ ಊಟ ಮಾಡಿದ್ದೇನೆ, ಅವರ ನಂಬರೂ ನನ್ನ ಮೊಬೈಲಿನಲ್ಲಿದೆ. ಆದರೆ ಎಲ್ಲರ ಬಾಯಲ್ಲೂ ಅವರು ಬಿಸ್ಕತ್ತಿನ ಅಪ್ಪ. ಬಿಸ್ಕತ್ತು ಅವರ ನಾಯಿ. ಗೋಲ್ಡನ್ ರಿಟ್ರೀವರ್, ಜೇನುತುಪ್ಪದ ಬಣ್ಣ, 32 ಕೆ.ಜಿ. ತೂಕ. ನೋಟಿಸ್ ಬೋರ್ಡಿನಲ್ಲಿ ಮೇಂಟೆನೆನ್ಸ್ ಬಾಕಿದಾರರ ಪಟ್ಟಿ ಹಾಕಿದಾಗಲೂ ಅವರ ಫ್ಲ್ಯಾಟ್ ನಂಬರಿನ ಮುಂದೆ ಯಾರೋ ಪೆನ್ನಿನಲ್ಲಿ ‘ಬಿಸ್ಕತ್ತು’ ಎಂದು ಬರೆದಿದ್ದರು.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರ ಕಾದಂಬರಿ. ಅದರಲ್ಲಿ ಹುಲಿಯ ಎಂಬ ನಾಯಿಯನ್ನು ಬೆನ್ನಿಗೇ ಕಟ್ಟಿಕೊಂಡವನಂತೆ ತಿರುಗುವ ಗುತ್ತಿಯನ್ನು ಜನ ನಾಯಿಗುತ್ತಿ ಎಂದು ಕರೆಯುತ್ತಾರೆ. ಆದರೂ ನಾಯಿಯ ಪಕ್ಕದಲ್ಲಿ ಗುತ್ತಿ ಎಂಬ ಸ್ವಂತದ್ದೊಂದು ಅವನಿಗೆ ಉಳಿದಿತ್ತು. ನಮ್ಮವರಿಗೆ ಅಷ್ಟೂ ಉಳಿದಿಲ್ಲ.

ಕಳೆದ ಮಳೆಗಾಲದ ಒಂದು ಗುರುವಾರ ಲಿಫ್ಟಿನಲ್ಲಿ ಸಿಕ್ಕಾಗ ಹೇಳಿದರು: “ಶನಿವಾರ ಸಕಲೇಶಪುರಕ್ಕೆ ಗ್ಲ್ಯಾಂಪಿಂಗ್‌ಗೆ ಹೊರಟಿದ್ದೀವಿ ಸಾರ್. ಬಿಸ್ಕತ್ತಿಗೆ ಸ್ವಲ್ಪ ಚೇಂಜ್ ಬೇಕಾಗಿದೆ. ನೀವೂ ಬನ್ನಿ, ನಾಯಿ ಇಲ್ಲದೋರನ್ನೂ ಬಿಡ್ತಾರಂತೆ, ಫೋನ್ ಮಾಡಿ ಕೇಳಿದ್ದೀನಿ.”

ಗ್ಲಾಮರ್ ಮತ್ತು ಕ್ಯಾಂಪಿಂಗ್ ಕೂಡಿ ಹುಟ್ಟಿದ ಈ ಪದವನ್ನು ಆಕ್ಸ್‌ಫರ್ಡ್ ನಿಘಂಟು 2016ರಲ್ಲಿ ಒಳಗೆ ಬಿಟ್ಟುಕೊಂಡಿತು. ಅರ್ಥ ಇಷ್ಟೆ: ಹೊರಗಿನಿಂದ ಡೇರೆ, ಒಳಗಿನಿಂದ ಲಾಡ್ಜು. ಕಮೋಡು, ಗೀಸರು, ಡಬಲ್ ಕಾಟು ಎಲ್ಲವೂ ಇರುವ ಈ ಡೇರೆಗೆ ಒಂದು ರಾತ್ರಿಗೆ 8,500 ರೂಪಾಯಿ. ನಾಯಿಗೆ ಬೇರೆ 1,500. ನಾಯಿ ಇಲ್ಲದ ನಮಗೆ ರಿಯಾಯಿತಿ ಏನಾದರೂ ಉಂಟೇ ಎಂದು ಕೇಳಬೇಕೆಂದುಕೊಂಡೆ. ಪಕ್ಕದಲ್ಲಿ ಹೆಂಡತಿ ಇದ್ದಳು.

ಬೆಂಗಳೂರಿನಿಂದ ಸಕಲೇಶಪುರಕ್ಕೆ ಸುಮಾರು 220 ಕಿ.ಮೀ. ಕುಣಿಗಲ್, ಚನ್ನರಾಯಪಟ್ಟಣ, ಹಾಸನ ದಾಟಿ ಮನುಷ್ಯರು ನಾಲ್ಕೂವರೆ ಗಂಟೆಯಲ್ಲಿ ಹೋಗಿ ಸೇರುತ್ತಾರೆ. ನಮಗೆ ಏಳೂವರೆ ಹಿಡಿಯಿತು. ಬಿಸ್ಕತ್ತು ಹಿಂದಿನ ಸೀಟಿನಲ್ಲಿ, ಅದಕ್ಕೆಂದೇ ಹೊಲಿಸಿದ ತೂಗುಹಾಸಿನ ಮೇಲೆ, ಬೆಲ್ಟ್ ಕಟ್ಟಿಕೊಂಡು ಕೂತಿತ್ತು. ಪಕ್ಕದ ಒಂದೂವರೆ ಅಡಿ ಜಾಗ ನನಗೂ ನನ್ನ ಹೆಂಡತಿಗೂ. ತಾಸಿಗೊಮ್ಮೆ ಕಾರು ನಿಲ್ಲಬೇಕು, ನಾಯಿ ಇಳಿಯಬೇಕು, ಎಂಟು ಕಂಬ ಮೂಸಿ ಒಂಬತ್ತನೆಯದನ್ನು ಆರಿಸಬೇಕು. ಚನ್ನರಾಯಪಟ್ಟಣದ ಹತ್ತಿರ ನನಗೂ ಅಂಥದೇ ತುರ್ತು ಬಂದು ಮೆಲ್ಲಗೆ ಹೇಳಿಕೊಂಡೆ. “ಈಗ ತಾನೆ ನಿಲ್ಲಿಸಿದ್ವಲ್ಲ ಸಾರ್!” ಎಂದರು ಬಿಸ್ಕತ್ತಿನ ಅಪ್ಪ.

ಡಿಕ್ಕಿಯಲ್ಲಿ ಏನೇನಿತ್ತು ಎಂಬುದನ್ನು ಇಳಿಸುವಾಗ ನೋಡಿದೆ, ಏಕೆಂದರೆ ಇಳಿಸಿದವನು ನಾನೇ. ನಾಯಿಯ ಹಾಸಿಗೆ, ನಾಯಿಯ ಟವೆಲು, ಒದ್ದೆ ಕೂದಲಿಗೆ ಡ್ರೈಯರು, ಹಳದಿ ರೈನ್‌ಕೋಟು, ನಾಲ್ಕು ಕಾಲಿಗೆ ನಾಲ್ಕು ಬೂಟು, ಉಪ್ಪು ಹಾಕದೆ ಬೇಯಿಸಿದ ಕೋಳಿ ತುಂಬಿದ ಐಸ್ ಪೆಟ್ಟಿಗೆ. ಇಬ್ಬರು ಮನುಷ್ಯರ ಬಟ್ಟೆಬರೆ ಲ್ಯಾಪ್‌ಟಾಪಿನ ಚೀಲದ ಮುಂದಿನ ಜೇಬಿನಲ್ಲಿತ್ತು.

ರಿಸೆಪ್ಷನ್ನಿನಲ್ಲಿ ಆಧಾರ್ ಕೇಳಿದಾಗ ನನ್ನ ಕಿವಿ ನಿಮಿರಿತು. ಮೂರು ವರ್ಷದ ಕುತೂಹಲ ಇಂದು ತೀರುತ್ತದೆ! ಅವರು ಮೊದಲು ಕೊಟ್ಟದ್ದು ಬಿಸ್ಕತ್ತಿನ ಲಸಿಕೆ ಪುಸ್ತಕ. ರೇಬೀಸ್ ಚುಚ್ಚುಮದ್ದು, ಜಂತುಹುಳುವಿನ ಮಾತ್ರೆ, ಉಣುಗಿನ ಔಷಧಿ ಎಲ್ಲಕ್ಕೂ ತಾರೀಖು, ಸಹಿ, ಸೀಲು. ಹುಡುಗಿ ಭಕ್ತಿಯಿಂದ ಪುಟ ತಿರುವಿದಳು. ಆಧಾರ್ ಕಾರ್ಡನ್ನು ಕವುಚಿ ಹಾಕಿದರು. ಅವಳು ಹಾಗೇ ಜೆರಾಕ್ಸ್ ಯಂತ್ರಕ್ಕೆ ಒಯ್ದಳು. ರಿಜಿಸ್ಟರಿನಲ್ಲಿ ‘ಅತಿಥಿಯ ಹೆಸರು’ ಎಂಬ ಕಡೆ ಬಗ್ಗಿ ನೋಡಿದೆ. ಬಿಸ್ಕತ್ತು ಪ್ಲಸ್ ಟೂ.

ಅಷ್ಟರಲ್ಲಿ ಛತ್ರಿ ಹಿಡಿದು ಬಂದ ವಯಸ್ಸಾದ ಮೇಸ್ತ್ರಿಯಂಥವರೊಬ್ಬರು, ತೋಟದ ಹಳೇ ರೈಟರಂತೆ, ಇವರನ್ನೇ ದಿಟ್ಟಿಸಿ, “ನೀವು ಕೆಳಗಿನ ಮನೆ ಗೌಡ್ರ ಮಗ ಅಲ್ವಾ?” ಎಂದರು. ಬಿಸ್ಕತ್ತಿನ ಅಪ್ಪನ ಮುಖ ಬಿಳಿಚಿಕೊಂಡಿತು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಒಪ್ಪಿಕೊಂಡರು: ಅವರ ಮನೆ ಇಲ್ಲಿಂದ 12 ಕಿ.ಮೀ. ಎಂಟು ಅಂಕಣದ ಹೆಂಚಿನ ಮನೆ, ಒಬ್ಬಳೇ ತಾಯಿ, ತೋಟ, ಹಂಡೆ ತುಂಬ ಬಿಸಿನೀರು. “ಮತ್ತೆ ಇಲ್ಲಿ…?” ಎಂದೆ. “ಅಮ್ಮ ನಾಯೀನ ಒಳಗೆ ಬಿಡಲ್ಲ ಸಾರ್. ಜಗಲೀಲಿ ಮಲಗ್ಲಿ ಅಂತಾಳೆ. ಬಿಸ್ಕತ್ತಿಗೆ ಬೇಜಾರಾಗುತ್ತೆ.”

ಡೇರೆಗಳನ್ನು ಹಾಕಿದ್ದ ಜಾಗ ಹಿಂದೆ ಕಾಫಿ ಒಣಗಿಸುತ್ತಿದ್ದ ಕಣ. ಕಾಫಿಗಿಂತ ನಾಯಿಗಳು ಒಳ್ಳೆಯ ಬೆಳೆ, ರೇಟು ಬೀಳುವುದಿಲ್ಲ ಎಂದರು ರೈಟರು.

ಬಿಸ್ಕತ್ತಿಗೆ ಕನ್ನಡ ಬರುವುದಿಲ್ಲ. ಕನ್ನಡದ ಮನೆಗಳಲ್ಲಿ ಮಕ್ಕಳಿಗೂ ಇಂಗ್ಲಿಷ್ ಹೇಳಿಕೊಡಲು ಸ್ಕೂಲು ಬೇಕು, ನಾಯಿಗೆ ಮಾತ್ರ ಹುಟ್ಟಿನಿಂದಲೇ ಸಿಟ್, ಸ್ಟೇ, ನೋ. ಹೀಗಾಗಿ ರೈಟರು ಪಂಚೆ ಮೂಸಲು ಬಂದ ಬಿಸ್ಕತ್ತನ್ನು “ಹಚ್ಚಾ!” ಎಂದು ಗದರಿದಾಗ ಅದು ಬಾಲ ಅಲ್ಲಾಡಿಸಿ ಅವರ ಮೊಣಕಾಲು ನೆಕ್ಕಿತು. ಇಷ್ಟು ಆತ್ಮೀಯವಾಗಿ ಅದನ್ನು ಯಾರೂ ಮಾತಾಡಿಸಿರಲಿಲ್ಲವೇನೋ.

ಇನ್ನು ತೋಟ ಸುತ್ತುವ ಕಾರ್ಯಕ್ರಮ. ಕಾಫಿಯಲ್ಲಿರುವ ಕೆಫೀನ್ ನಾಯಿಗೆ ವಿಷ, ಇದು ನಿಜವೇ. ಮಳೆಗೆ ಉದುರಿದ ಕಾಯಿಗಳು ನೆಲದ ತುಂಬ ಬಿದ್ದಿದ್ದವು. “ಕಾಫಿ ಗಿಡ ಇಲ್ಲದ ದಾರೀಲಿ ಕರ್ಕೊಂಡು ಹೋಗಿ” ಎಂದು ಬಿಸ್ಕತ್ತಿನ ಅಪ್ಪ ಕೇಳಿದರು. ಕಾಫಿ ತೋಟದಲ್ಲಿ ನಿಂತು ರೈಟರು ಸುತ್ತಲೂ ನೋಡಿದರು, ಆಕಾಶವನ್ನೂ ನೋಡಿದರು, ಕೊನೆಗೆ ನಮ್ಮನ್ನು ಟಾರ್ ರಸ್ತೆಗೆ ಕರೆದೊಯ್ದರು. ಎದುರಿಗೆ ಲೈನ್ ಮನೆಯ ಹೆಂಗಸರು ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಕೆಲಸಕ್ಕೆ ಹೋಗುತ್ತಿದ್ದವರು, ರೈನ್‌ಕೋಟು ಬೂಟು ತೊಟ್ಟ ನಾಯಿಯನ್ನು ಕಂಡು ದಾರಿ ಬಿಟ್ಟು ನಿಂತರು. ಇನ್‌ಸ್ಪೆಕ್ಷನ್ನಿಗೆ ಬಂದ ಆಫೀಸರ್ ಎಂದುಕೊಂಡಿರಬೇಕು.

ಮಲೆನಾಡಿನ ಮಳೆಗಾಲ ಎಂದ ಮೇಲೆ ಇಂಬಳ. ಹತ್ತು ಹೆಜ್ಜೆಗೊಮ್ಮೆ ಬಿಸ್ಕತ್ತಿನ ಅಪ್ಪ ಕೂತು, ಬೂಟು ಬಿಚ್ಚಿ, ಮೊಬೈಲ್ ಟಾರ್ಚಿನ ಬೆಳಕಿನಲ್ಲಿ ನಾಯಿಯ ಬೆರಳ ಸಂದುಗಳನ್ನು ಪರೀಕ್ಷಿಸುತ್ತಿದ್ದರು. ಒಂದು ಇಂಬಳವೂ ಸಿಗಲಿಲ್ಲ. ಸಿಗುವುದಾದರೂ ಹೇಗೆ? ಅಲ್ಲಿದ್ದ ಇಂಬಳಗಳೆಲ್ಲ ಇವರ ಮೀನಖಂಡದ ಮೇಲಿದ್ದವು. ರೈಟರು ಹೊಗೆಸೊಪ್ಪು, ಸುಣ್ಣ ಕಟ್ಟಿದ ಬಟ್ಟೆಯ ಗಂಟನ್ನು ನೀರಿಗೆ ಅದ್ದಿ ಒತ್ತಿದಾಗ ಐದು ಉದುರಿದವು. ರಕ್ತ ಸೋರುತ್ತಿರುವಾಗಲೇ ಇವರು ಕೇಳಿದರು: “ಈ ಹೊಗೆಸೊಪ್ಪು ಬಿಸ್ಕತ್ತಿಗೆ ಅಲರ್ಜಿ ಆಗಲ್ಲ ತಾನೆ?”

ಸಂಜೆ ಬೆಂಕಿಯ ಸುತ್ತ ಪರಿಚಯ. ಓರಿಯೋ ಅಮ್ಮ, ಲಿಯೋ ಅಪ್ಪ ಅಮ್ಮ, ಮೋಮೋ ಮಮ್ಮಿ. ಮುಧೋಳದ ನಾಯಿ ತಂದವರೊಬ್ಬರಿದ್ದರು. ಅದರ ಮೇಲೆ ಅಂಚೆ ಇಲಾಖೆ 2005ರಲ್ಲಿ ಸ್ಟಾಂಪು ತಂದದ್ದು, ಸೈನ್ಯ ಆ ತಳಿಯನ್ನು ಸೇರಿಸಿಕೊಂಡದ್ದು ಎಲ್ಲ ಹೇಳಿ ವಿದೇಶಿ ನಾಯಿಗಳ ಅಪ್ಪಂದಿರನ್ನು ತಗ್ಗಿಸಿ ಕೂರಿಸಿದರು. ಬೀದಿನಾಯಿಯನ್ನು ದತ್ತು ತಂದವರು ಅವರಿಗಿಂತಲೂ ಒಂದು ಮಣೆ ಮೇಲೆ, ಏನೂ ಮಾತಾಡದೆ ಮುಗುಳ್ನಗುತ್ತಿದ್ದರು. ನಮ್ಮ ಸರದಿ ಬಂತು. “ನಾವು… ಹಾಗೇ ಬಂದಿದ್ದೀವಿ” ಎಂದಳು ನನ್ನ ಹೆಂಡತಿ. ಮೌನ. ಮೋಮೋ ಮಮ್ಮಿ ಅವಳ ಕೈ ಹಿಡಿದು ಮೆಲ್ಲಗೆ, “ಇನ್ನೂ ಆಗಿಲ್ವಾ? ಪ್ರಯತ್ನ ಬಿಡ್ಬೇಡಿ” ಎಂದರು. ಕಾಲೇಜಿಗೆ ಹೋಗುವ ಇಬ್ಬರು ಮಕ್ಕಳಿದ್ದಾರೆ ಎಂದು ಹೇಳಲು ಅವಳಿಗೆ ಧೈರ್ಯ ಬರಲಿಲ್ಲ.

ಕತ್ತಲಾಗುವಾಗ ರೈಟರು ಬಂದು, “ನಾಯಿ ಒಳಗಿರ್ಲಿ, ಕುರ್ಕ ಬರ್ತದೆ” ಎಂದರು. “ಬೇಡಪ್ಪ, ಅವನಿಗೆ ಕುರ್ಕುರೆ ಕೊಡಲ್ಲ, ಉಪ್ಪು ಜಾಸ್ತಿ” ಎಂದರು ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಬಿಸ್ಕತ್ತಿನ ಅಮ್ಮ. ಕುರ್ಕ ಎಂದರೆ ಚಿರತೆ, ಅದಕ್ಕೆ ನಾಯಿ ಎಂದರೆ ಪಂಚಪ್ರಾಣ ಎಂದು ಗಂಡ ಬಿಡಿಸಿ ಹೇಳಿದ ಮೇಲೆ ಆ ಡೇರೆಯಲ್ಲಿ ದೀಪ ಆರಲಿಲ್ಲ. ರಾತ್ರಿ ಎರಡು ಗಂಟೆಗೆ ಬಟ್ಟೆಯ ಗೋಡೆಯ ಆಚೆಯಿಂದ ಪಿಸುಮಾತು: “ಸಾರ್, ಚಿರತೆಗೆ ಜಿಪ್ ತೆಗೆಯೋಕೆ ಬರುತ್ತಾ?” ಬೆಳಿಗ್ಗೆ ಇಣುಕಿದೆ. ಡಬಲ್ ಕಾಟಿನ ನಡುವೆ ಬಿಸ್ಕತ್ತು ಅಂಗಾತ ಮಲಗಿ ಗೊರಕೆ ಹೊಡೆಯುತ್ತಿತ್ತು. ಕಾಟಿನ ಅಂಚಿನಲ್ಲಿ ಹೆಂಡತಿ. ನೆಲದ ಮೇಲೆ, ಎಲುಬಿನ ಚಿತ್ರವಿದ್ದ ನಾಯಿಯ ಹಾಸಿಗೆಯಲ್ಲಿ, ಮೊಣಕಾಲು ಎದೆಗೆ ಮಡಚಿ, ಅಪ್ಪ.

ಹತ್ತು ಗಂಟೆಗೆ ಮಂಜಿನೊಳಗಿಂದ ಒಂದು ಜೀಪು ಬಂತು. ರೈಟರು ಸುದ್ದಿ ಮುಟ್ಟಿಸಿದ್ದರು. ಇಳಿದವರು ತಾಯಿ; ಕೈಯಲ್ಲಿ ನಾಲ್ಕು ಡಬ್ಬಿಯ ಕ್ಯಾರಿಯರ್. ಕಡುಬು, ಕೋಳಿಸಾರು, ಕಳಲೆ ಪಲ್ಯ. ಮಗ ಮುಖ ಎಲ್ಲಿಡಲಿ ಎಂದು ಹುಡುಕುತ್ತಿದ್ದ. ಆಕೆ ಬೈಯಲಿಲ್ಲ. ಡೇರೆಯ ಒಳಹೊಕ್ಕು, ಕಮೋಡು ನೋಡಿ, ಹಾಸಿಗೆ ಒತ್ತಿ, ಹೊರಗೆ ಬಂದು, “ಬಾಡಿಗೆ ಎಷ್ಟು?” ಎಂದರು. “ಆಫೀಸಿನೋರು ಕೊಡ್ತಾರಮ್ಮ.” “ನಾಯಿಗೂ ಆಫೀಸಾ?” ಎಂದು ಮೆಟ್ಟಿಲ ಮೇಲೆ ಕೂತು ಕ್ಯಾರಿಯರ್ ಬಿಚ್ಚಿದರು.

ನನಗೆ ಆಸೆ ಮತ್ತೆ ಚಿಗುರಿತು. ಹೆತ್ತ ತಾಯಿ ಮಗನನ್ನು ಹೆಸರು ಹಿಡಿದು ಕರೆಯದೆ ಇರುತ್ತಾಳೆಯೇ? ಆಕೆ ಎಲೆ ಹಾಸಿ, ಕಡುಬು ಬಡಿಸಿ, ತಲೆ ಎತ್ತಿ ಕರೆದರು: “ಪುಟ್ಟಾ, ಬಾರೋ.”

ಬಿಸ್ಕತ್ತು ಓಡಿಬಂದು ಎಲೆಯ ಮುಂದೆ ಕೂತಿತು. ಕನ್ನಡ ಅರ್ಥವಾಯಿತೋ, ಕೋಳಿಸಾರು ಅರ್ಥವಾಯಿತೋ ತಿಳಿಯದು. ತಾಯಿ ಅದನ್ನೊಮ್ಮೆ ನೋಡಿ, ಒಂದು ಕಡುಬು ಮುರಿದು ಅದರ ಮುಂದಿಟ್ಟು, “ಇವನು ಚಿಕ್ಕೋನಿದ್ದಾಗ ಜಗಲೀಲಿ ನಾಯಿಗಳ ಜೊತೆಗೇ ಮಲಗ್ತಿದ್ದ, ಒಳಗೆ ಬಾ ಅಂದ್ರೆ ಬರ್ತಿರ್ಲಿಲ್ಲ” ಎಂದು ಸೊಸೆಗೆ ಹೇಳಿದರು. ಬಿಸ್ಕತ್ತಿನ ಅಮ್ಮ “ಉಪ್ಪು…” ಎಂದು ಬಾಯಿ ತೆರೆದವರು ಮುಚ್ಚಿಕೊಂಡರು.

ಕೈಯಲ್ಲಿ ಸಾರಿನ ಸೌಟು ಹಿಡಿದೇ ಆಕೆ ನಮ್ಮಿಬ್ಬರ ಕಡೆ ತಿರುಗಿದರು. ಮದುವೆ ಮನೆಯಲ್ಲಿ ಪಂಕ್ತಿಗೆ ಕೂತವರನ್ನು ವಿಚಾರಿಸುವ ಅದೇ ಕಕ್ಕುಲಾತಿಯಿಂದ ಕೇಳಿದರು: “ನೀವು ಯಾವ ನಾಯಿ ಕಡೆಯೋರು?”

“ಬಿಸ್ಕತ್ತಿನ ಕಡೆಯೋರು” ಎಂದು ಎಲೆಯ ಮುಂದೆ ಕೂತೆ.