ನೀರು ಬಿಟ್ಟುಹೋದ ಕಡಲಿನಲ್ಲಿ

ಕರ್ನಾಟಕಕ್ಕೆ ಸುಮಾರು 320 ಕಿಲೋಮೀಟರ್ ಉದ್ದದ ಕಡಲ ತೀರ ಇದೆ. ಸೇಡಂ ಕರ್ನಾಟಕದಲ್ಲಿದೆ. ನಾನು ಸೇಡಂನಲ್ಲಿದ್ದೇನೆ. ಆದಕಾರಣ ನಾನೂ ಕರಾವಳಿ ರಾಜ್ಯದ ನಿವಾಸಿಯೇ. ತರ್ಕದಲ್ಲಿ ಎಲ್ಲೂ ದೋಷವಿಲ್ಲ, ಕಿಟಕಿ ತೆಗೆದು ನೋಡಿದರೆ ಮಾತ್ರ ತೊಂದರೆ. ಆಚೆ ತೊಗರಿ ಹೊಲ, ಅದರಾಚೆ ಸಿಮೆಂಟ್ ಕಾರ್ಖಾನೆಯ ಚಿಮಣಿ, ಅದರ ನೆತ್ತಿಯ ಮೇಲೆ ಸೂರ್ಯ. ಅಣ್ಣತಮ್ಮಂದಿರು ಬೇರೆಯಾಗುವಾಗ ಒಬ್ಬನಿಗೆ ಹೊಲ, ಒಬ್ಬನಿಗೆ ಸಾಲ ಬಂದ ಹಾಗೆ, ಮಂಗಳೂರು ಉಡುಪಿ ಕಾರವಾರದವರಿಗೆ ಕಡಲು ಬಂತು, ನಮಗೆ ಬಿಸಿಲು. ನಕಾಶೆಯ ಮೇಲೆ ನೇರ ಗೆರೆ ಎಳೆದರೆ ಸೇಡಂಗೆ ಕಾರವಾರಕ್ಕಿಂತ ಆಂಧ್ರದ ಒಂಗೋಲಿನ ಕಡಲೇ ಹತ್ತಿರ. ಹತ್ತಿರದ ಕಡಲು ಸಹ ಪರರಾಜ್ಯದ್ದು!

ಈ ದೂರದ ಲೆಕ್ಕ ಹಾಕಿದವರಲ್ಲಿ ನಾನೇ ಮೊದಲಿಗನಲ್ಲ. ನಮ್ಮ ತಾಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಕಾಲದಲ್ಲಿ ಅರಬರು ಅದನ್ನು ಮಾಂಕೀರ್ ಎನ್ನುತ್ತಿದ್ದರು. ಹತ್ತನೆಯ ಶತಮಾನದ ಅಲ್ ಮಸೂದಿ, ಮಾಂಕೀರಿಗೂ ಕಡಲಿಗೂ ನಡುವೆ 80 ಸಿಂಧಿ ಫರ್ಸಂಗ್ ಅಂತರ, ಫರ್ಸಂಗ್ ಒಂದಕ್ಕೆ ಎಂಟು ಮೈಲಿ ಎಂದು ಬರೆದಿಟ್ಟಿದ್ದಾನೆ. ಗುಣಿಸಿದರೆ 640 ಮೈಲಿ. ನಿಜವಾದ ದೂರ ಅದರ ಅರ್ಧವೂ ಆಗುವುದಿಲ್ಲ. ಅವನಿಗೆ ಲೆಕ್ಕ ಕೊಟ್ಟ ಪುಣ್ಯಾತ್ಮ ಮೇ ತಿಂಗಳ ಮಧ್ಯಾಹ್ನ ನಡೆದು ಬಂದಿರಬೇಕೆಂದು ನನ್ನ ಊಹೆ. ಆ ಬಿಸಿಲಿನಲ್ಲಿ ಬಸ್ ಸ್ಟ್ಯಾಂಡೇ ಎಂಟು ಮೈಲಿ ಅನ್ನಿಸುತ್ತದೆ.

ಕಡಲು ನಮ್ಮ ಬಳಿಗೆ ಬರದಿದ್ದರೂ ಕಡಲಿನವರು ಬರುತ್ತಾರೆ. ಬ್ಯಾಂಕು ಹುಟ್ಟಿಸುವುದು ಕರಾವಳಿಯವರ ಕಸುಬು. 1906ರಲ್ಲಿ ಕೆನರಾ ಮತ್ತು ಕಾರ್ಪೊರೇಶನ್, 1924ರಲ್ಲಿ ಕರ್ನಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, ಎಲ್ಲವೂ ಆ ಕಡೆಯ ಕೂಸುಗಳೇ. ಹಾಗೆ ಹುಟ್ಟಿದ ಬ್ಯಾಂಕುಗಳ ಅಧಿಕಾರಿಗಳನ್ನು ಬಿಸಿಲಿಗೆ ಹರವಿ ಒಣಗಿಸುವುದು ನಮ್ಮ ಕಸುಬು. ಹಾಗೆ ಒಣಗಲು ಬಂದವರಲ್ಲಿ ಉಡುಪಿ ಕಡೆಯ ಒಬ್ಬ ಮ್ಯಾನೇಜರು ನಮ್ಮ ಪಕ್ಕದ ಮನೆಗೆ ಬಾಡಿಗೆಗೆ ಬಂದರು. ಅದೂ ಏಪ್ರಿಲ್‌ನಲ್ಲಿ. ವಾಡಿ ಜಂಕ್ಷನ್‌ನಲ್ಲಿ ಇಳಿದರಂತೆ. ಮುಂಬೈ ಕಡಲಿನಿಂದ ಮದ್ರಾಸು ಕಡಲಿಗೆ ಹೋಗುವ ಹಳಿಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡವು. 1874ರಲ್ಲಿ ನಿಜಾಮರ ದುಡ್ಡಿನಿಂದ ವಾಡಿಗೂ ಸಿಕಂದರಾಬಾದಿಗೂ ಗಂಟು ಬಿತ್ತು. ಅಂದಿನಿಂದ ಎರಡೂ ಕಡಲಿನ ಜನ ವಾಡಿಯನ್ನು ದಾಟುತ್ತಲೇ ಇದ್ದಾರೆ. ಅರ್ಧ ಜನ ನಿದ್ದೆಯಲ್ಲಿ ದಾಟುತ್ತಾರೆ, ಎಚ್ಚರ ಇದ್ದವರು ಕಿಟಕಿಯ ಷಟರ್ ಇಳಿಸಿಕೊಂಡು ದಾಟುತ್ತಾರೆ. ಇಳಿಯುವವರು ವರ್ಗವಾದವರು ಮಾತ್ರ.

"ಸೆಕೆ ನಮಗೆ ಹೊಸತಲ್ಲ ಮಾಸ್ಟ್ರೇ, ಕಡಲ ಕರೆಯವರು ನಾವು" ಎಂದು ಮೊದಲ ದಿನ ಧೈರ್ಯವಾಗಿಯೇ ಹೇಳಿದರು. ಪಾಪ, ಅವರಿಗೆ ಗೊತ್ತಿದ್ದದ್ದು ಮೈಗೆ ಅಂಟಿಕೊಂಡು ಕೂರುವ ಸೆಕೆ. ನಮ್ಮ ಝಳಕ್ಕೆ ಅಂಥ ಸಲಿಗೆಯಿಲ್ಲ. ಬೆವರು ಬಂದದ್ದೇ ತಿಳಿಯದಂತೆ ಹೀರಿಕೊಂಡು, ಅಂಗಿಯ ಬೆನ್ನ ಮೇಲೆ ಬಿಳಿಯ ಉಪ್ಪಿನ ಗೆರೆ ಬಿಟ್ಟು ಹೋಗುತ್ತದೆ. ಮರುದಿನ ಮಧ್ಯಾಹ್ನ ಟವೆಲು ಸುತ್ತಿಕೊಂಡೇ ಕಾಂಪೌಂಡಿನ ಮೇಲಿಂದ ಕೂಗಿದರು: "ಮಾಸ್ಟ್ರೇ, ಈ ಮನೆಯ ಗೀಸರ್ ಎಲ್ಲಿ ಆಫ್ ಮಾಡುವುದು?"

ಮನೆಯಲ್ಲಿ ಗೀಸರ್ ಇರಲಿಲ್ಲ. ಮಾಳಿಗೆಯ ಮೇಲೆ ಕರಿಯ ಟಾಕಿ ಇತ್ತು.

"ಅದು ಆಫ್ ಆಗೋದು ಜೂನ್‌ನ್ಯಾಗರಿ ಸಾಹೇಬ್ರೆ. ಸ್ವಿಚ್ ಮ್ಯಾಲಿನವನ ಕೈಯಾಗ ಅದ."

ಬಿಸಿಲಿಗೆ ಹೇಗೋ ಹೊಂದಿಕೊಂಡರು, ಮೀನಿಲ್ಲದ್ದಕ್ಕೆ ಹೊಂದಿಕೊಳ್ಳಲಿಲ್ಲ. ಬಂಗುಡೆ, ಬೂತಾಯಿ ಎಂದು ಹೆಸರು ಹೇಳುವಾಗ ಅವರ ದನಿ ತಗ್ಗುತ್ತಿತ್ತು. ಸಮಾಧಾನಕ್ಕೆಂದು ಒಂದು ಭಾನುವಾರ ಚಿಂಚೋಳಿ ಕಡೆ ಚಂದ್ರಂಪಳ್ಳಿ ಜಲಾಶಯಕ್ಕೆ ಕರೆದುಕೊಂಡು ಹೋದೆ. ಸುತ್ತ ಗುಡ್ಡ, ಕಾಡು. 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಣೆಯಾದದ್ದು. ಕಲಬುರಗಿ ಜಿಲ್ಲೆಯಲ್ಲಿ ಇಷ್ಟು ಹಸಿರು ಇದೆಯೆಂದರೆ ಬೆಂಗಳೂರಿನವರು ಇಂದಿಗೂ ನಂಬುವುದಿಲ್ಲ. ಮ್ಯಾನೇಜರು ದಂಡೆಯ ಮೇಲೆ ಕೈಕಟ್ಟಿ ನಿಂತು ಬಹಳ ಹೊತ್ತು ನೋಡಿದರು. "ನೀರು ಚಂದ ಉಂಟು. ಆದರೆ ಸುಮ್ಮನೆ ನಿಂತುಕೊಂಡುಂಟಲ್ಲ ಮಾರಾಯ್ರೆ" ಎಂದರು. ತೆರೆ ಇಲ್ಲವೆಂಬ ಆಕ್ಷೇಪಣೆ.

ಆಗ ನಾನು ನಮ್ಮ ಮನೆತನದ ಗುಟ್ಟು ಬಿಚ್ಚಬೇಕಾಯಿತು. "ಸಾಹೇಬ್ರೆ, ನೀವು ಕಡಲ ದಂಡಿ ಮ್ಯಾಲ ಬೆಳೆದವರು. ನಾವು ಕಡಲಿನ ತಳದಾಗ ಬೆಳೆದವರು."

ಇದು ಜಂಬವಲ್ಲ, ಭೂವಿಜ್ಞಾನ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಈ ಸೀಮೆಯನ್ನೆಲ್ಲ ಹಾಸಿಕೊಂಡಿರುವ ಸುಣ್ಣದಕಲ್ಲು ಒಂದಾನೊಂದು ಕಾಲದ ಆಳವಿಲ್ಲದ ಕಡಲಿನಲ್ಲಿ ಕೆಸರಾಗಿ ಕೂತದ್ದು. ಭೂವಿಜ್ಞಾನಿಗಳು ಅದನ್ನು ಭೀಮಾ ಶಿಲಾಸಮೂಹ ಎನ್ನುತ್ತಾರೆ, ಅದರೊಳಗಿನ ಒಂದು ಪದರಿಗೆ ಶಹಾಬಾದಿನ ಹೆಸರೇ ಇದೆ. ವರುಷ ವರುಷ ಒಂದರ ಮೇಲೊಂದು ಕೂತ ಕೆಸರು ಗಟ್ಟಿಯಾಗಿ ಕಲ್ಲಾಯಿತು. ಅದಕ್ಕೇ ಖಣಿಯಲ್ಲಿ ಉಳಿ ಇಟ್ಟು ಬಡಿದರೆ ಪದರು ಪದರಾಗಿ ಏಳುತ್ತದೆ, ನೀಲಿ ಬೂದು, ಕೆನೆ ಬಣ್ಣದ ಪರ್ಸಿ. ಅದನ್ನು ನೆಲಕ್ಕೆ ಹಾಸುತ್ತೇವೆ, ಒಂದರ ಮೇಲೊಂದಿಟ್ಟು ಗೋಡೆ ಕಟ್ಟುತ್ತೇವೆ, ಮೇಲೆ ಹೊದಿಸಿ ಮಾಳಿಗೆ ಮಾಡುತ್ತೇವೆ, ಸಾಲಾಗಿ ನೆಟ್ಟು ಕಾಂಪೌಂಡು ಅನ್ನುತ್ತೇವೆ. ಕೆಳಗೆ ಕಡಲು, ಸುತ್ತ ಕಡಲು, ನೆತ್ತಿಯ ಮೇಲೂ ಕಡಲು. ಇಷ್ಟು ಕಡಲು ಯಾವ ಮಲ್ಪೆಯವನಿಗಿದೆ?

"ಹಾಗಾದರೆ ಮೀನು?" ಎಂದರು ಮ್ಯಾನೇಜರು. ಬ್ಯಾಂಕಿನವರು ಯಾವಾಗಲೂ ಬಡ್ಡಿಯ ಬಗ್ಗೆಯೇ ಕೇಳುತ್ತಾರೆ.

ಅಲ್ಲೇ ನಮ್ಮ ದುರದೃಷ್ಟ. ನಮ್ಮ ಕಡಲು ಭೂಮಿಯ ಮೇಲೆ ಮೀನು ಹುಟ್ಟುವ ಮೊದಲೇ ಬಂದು, ಮೊದಲೇ ಎದ್ದು ಹೋದದ್ದು. ಕಲ್ಲಿನಲ್ಲಿ ಒಂದು ಮುಳ್ಳೂ ಸಿಕ್ಕದು. ಅದರ ಬದಲು ಸಿಕ್ಕದ್ದು ಸಿಮೆಂಟು. ಸುಣ್ಣದಕಲ್ಲನ್ನು ಅರೆದು ಕಿಲ್ನ್‌ಗೆ ಹಾಕಿ ಸುಮಾರು 1,450 ಡಿಗ್ರಿಯಲ್ಲಿ ಸುಟ್ಟರೆ ಕ್ಲಿಂಕರ್, ಕ್ಲಿಂಕರನ್ನು ಮತ್ತೆ ಅರೆದರೆ ಸಿಮೆಂಟು. ಐದೂ ಊರುಗಳ ಆಸುಪಾಸಿನಲ್ಲಿ ಇದೇ ಉದ್ಯೋಗ. ಕಿಲ್ನ್ ಪಕ್ಕ ಪಾಳಿ ಮುಗಿಸಿ ಹೊರಬಂದವನಿಗೆ ಮೇ ತಿಂಗಳ 43 ಡಿಗ್ರಿ ತಂಗಾಳಿ. ಅಂಥ ಒಬ್ಬ ಹಳೆಯ ಶಿಷ್ಯ ನನಗೆ ಸಿಕ್ಕಾಗಲೆಲ್ಲ, "ಹೊರಗ ಭಾಳ ಥಂಡಿ ಅದರಿ ಸರ್" ಅನ್ನುತ್ತಾನೆ, ಮುಖದಲ್ಲಿ ನಗೆಯ ಸುಳಿವೂ ಇಲ್ಲದೆ.

ಈ ಕಲ್ಲನ್ನು ಹೊಗಳಲು ಕೂತರೆ ಚಕ್ರವರ್ತಿಯ ಸಾಕ್ಷಿಯೇ ಇದೆ. ಚಿತ್ತಾಪುರ ತಾಲೂಕಿನ ಸನ್ನತಿಯ ಬಳಿ, ಭೀಮಾ ದಂಡೆಯ ಕನಗನಹಳ್ಳಿಯ ಸ್ತೂಪದ ಉತ್ಖನನದಲ್ಲಿ ಸಿಕ್ಕ ಸುಣ್ಣದಕಲ್ಲಿನ ಫಲಕದಲ್ಲಿ ಅಶೋಕ ರಾಣಿಯೊಡನೆ ನಿಂತಿದ್ದಾನೆ, 'ರಾಯ ಅಸೋಕ' ಎಂದು ಬ್ರಾಹ್ಮಿಯಲ್ಲಿ ಹೆಸರೂ ಕೊರೆದಿದೆ. ಅಕ್ಕಪಕ್ಕ ಸೇವಕಿಯರು, ಕೈಯಲ್ಲಿ ಕೊಡೆ, ಚಾಮರ. ಪಂಡಿತರು ಅದನ್ನು ರಾಜಲಾಂಛನ ಎನ್ನುತ್ತಾರೆ. ಚಿತ್ತಾಪುರದ ಬಿಸಿಲು ಕಂಡವರಿಗೆ ಅಷ್ಟು ದೊಡ್ಡ ವ್ಯಾಖ್ಯಾನ ಬೇಕಾಗುವುದಿಲ್ಲ.

ಹೋದ ಕಡಲು ಪೂರ್ತಿ ಹೋಗಲಿಲ್ಲ, ಬೋರ್‌ವೆಲ್ಲಿನಲ್ಲಿ ಕಾದು ಕೂತಿದೆ. ಸುಣ್ಣದಕಲ್ಲಿನ ಸಂದಿಯಿಂದ ಬರುವ ಗಡಸು ನೀರಿಗೆ ಸಾಬೂನು ತಿಕ್ಕಿದರೆ ಸಾಬೂನು ಸವೆಯುತ್ತದೆ, ನೊರೆ ಬರುವುದಿಲ್ಲ. ಕಾಸಿದ ಪಾತ್ರೆಯ ತಳಕ್ಕೆ ಬಿಳಿಯ ಪೊರೆ ಕಟ್ಟುತ್ತದೆ, ನಲ್ಲಿಯ ಮೂತಿ ಮುಚ್ಚಿಹೋಗುತ್ತದೆ. ಈ ನೀರಿನಲ್ಲಿ ಬೇಳೆ ಬೇಯಿಸುವಷ್ಟರಲ್ಲಿ ಬೇಯಿಸುವವರು ಬೆಂದಿರುತ್ತಾರೆ. ತಮಾಷೆ ನೋಡಿ: 2019ರಲ್ಲಿ ಭೌಗೋಳಿಕ ಸೂಚಕ ಪಡೆದ ತೊಗರಿಬೇಳೆ ನಮ್ಮ ಜಿಲ್ಲೆಯದು, ಅದನ್ನು ಮೆತ್ತಗೆ ಬೇಯಿಸಿ ಉಣ್ಣುವ ಭಾಗ್ಯ ಸಿಹಿನೀರಿನ ಊರಿನವರದು. ಇನ್ನು ಧೂಳು. ಬೆಳಿಗ್ಗೆ ಒರೆಸಿದ ಸ್ಕೂಟರಿನ ಸೀಟಿನ ಮೇಲೆ ಸಂಜೆ ಬೆರಳಿನಿಂದ ಹೆಸರು ಬರೆಯಬಹುದು. ಇದರ ಬಗ್ಗೆ ಜೋಕು ಮಾಡಲು ನನಗೂ ಒಂದು ಮಿತಿಯಿದೆ. ಎಲೆಯ ಮೇಲೆ ಕೂತ ಧೂಳು ಎದೆಯೊಳಗೂ ಕೂರುತ್ತದೆ, ಖಣಿಯಲ್ಲಿ ಕಲ್ಲು ಕಡಿಯುವವರ ಕೆಮ್ಮು ನಗುವ ವಿಷಯವಲ್ಲ.

ಸುಖವೇ ಇಲ್ಲವೆ ಎಂದರೆ ಇದೆ, ಬೇಕಾದಷ್ಟಿದೆ. ಏಪ್ರಿಲ್, ಮೇ ತಿಂಗಳು ನಮ್ಮ ಕಡೆಯ ಸರಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಬೆಂಗಳೂರಿನ ನೌಕರ ಟ್ರಾಫಿಕ್ಕಿನಲ್ಲಿ ಸಂಜೆ ಕಳೆಯುವಾಗ ನಮ್ಮವನು ಜೋಳದ ರೊಟ್ಟಿ, ಪುಂಡಿಪಲ್ಯ ಉಂಡು, ಮೇಲೊಂದು ತಂಬಿಗೆ ಮಜ್ಜಿಗೆ ಕುಡಿದು, ಒದ್ದೆ ಬಟ್ಟೆಯಲ್ಲಿ ಒರೆಸಿದ ಪರ್ಸಿಯ ಮೇಲೆ ಬರಿಮೈಯಲ್ಲಿ ಬಿದ್ದುಕೊಂಡಿರುತ್ತಾನೆ. ಮೇಲೆ ಫ್ಯಾನು, ಕೆಳಗೆ ತಣ್ಣನೆಯ ಸಮುದ್ರತಳ. ಕರೆಂಟು ಹೋಗುವವರೆಗೆ ಇದಕ್ಕಿಂತ ಸುಖ ಇಂದ್ರನಿಗೂ ಇಲ್ಲ. ಮತ್ತೆ ಒಣಗಿಸುವ ವಿಷಯ ಬಂದರಂತೂ ನಮ್ಮನ್ನು ಮೀರಿಸುವವರಿಲ್ಲ. ಬೆಳಿಗ್ಗೆ ಹಾಕಿದ ಸಂಡಿಗೆ ಸಂಜೆಗೆ ಡಬ್ಬಿ ಸೇರುತ್ತದೆ. ಧೋತರ ಹಿಂಡಿ ತಂತಿಯ ಆ ತುದಿಗೆ ಹರವುವಷ್ಟರಲ್ಲಿ ಈ ತುದಿ ಒಣಗಿರುತ್ತದೆ.

ಇದರ ಬೆಲೆ ತಿಳಿದದ್ದು ಮ್ಯಾನೇಜರ ಊರಿಗೆ ಜುಲೈನಲ್ಲಿ ಅತಿಥಿಯಾಗಿ ಹೋದಾಗ. ನಮ್ಮಲ್ಲಿ ವರ್ಷವಿಡೀ ಸುರಿಯುವುದು ಏಳೆಂಟುನೂರು ಮಿಲಿಮೀಟರ್, ಅಲ್ಲಿ ನಾಲ್ಕು ಸಾವಿರದ ಲೆಕ್ಕ. ಹೋದ ದಿನ ಒಗೆದ ನನ್ನ ಬನಿಯನ್ನು ಹೊರಡುವ ದಿನ ಒದ್ದೆಯಾಗಿಯೇ ಚೀಲಕ್ಕೆ ಬಂತು. ಚಪ್ಪಲಿಗೆ ಬೂಸ್ಟು, ಬೆಲ್ಟಿಗೆ ಬೂಸ್ಟು, ಕನ್ನಡಕದ ಡಬ್ಬಿಗೂ ಬೂಸ್ಟು. ಮೀನು ತಿನ್ನಲು ಹೋಗೋಣವೆಂದರೆ ಜೂನ್ ಮತ್ತು ಜುಲೈ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ದೋಣಿಗಳೆಲ್ಲ ದಡದಲ್ಲಿ. ಮಲ್ಪೆಯಲ್ಲಿ ಕೊಡೆ ಹಿಡಿದು ಕಡಲು ನೋಡಿದೆ. ಮೇಲೂ ನೀರು, ಎದುರಿಗೂ ನೀರು, ನಡುವೆ ನಾನು. ದೇವರ ದಯೆ, ನಮ್ಮ ಕಡಲು ಇಷ್ಟು ಗದ್ದಲದ್ದಲ್ಲ ಅನ್ನಿಸಿತು.

ಹಾಗೆಂದು ನಿಶ್ಚಿಂತೆಯಿಂದ ಇರುವಂತೆಯೂ ಇಲ್ಲ. 2020ರ ಅಕ್ಟೋಬರಿನಲ್ಲಿ ಬಂಗಾಳ ಕೊಲ್ಲಿಯಿಂದ ಎದ್ದ ವಾಯುಭಾರ ಕುಸಿತ ಕಾಕಿನಾಡದ ಹತ್ತಿರ ದಡ ಹತ್ತಿ, ತೆಲಂಗಾಣ ದಾಟಿ, ವಿಳಾಸ ಕೇಳಿಕೊಂಡು ಬಂದಂತೆ ನೇರ ನಮ್ಮ ಮೇಲೆ ಬಂತು. ಕಾಗಿಣಾ ಉಕ್ಕಿ ಮಳಖೇಡಕ್ಕೆ ನುಗ್ಗಿತು, ಭೀಮೆಯೂ ದಂಡೆ ಬಿಟ್ಟಳು, ತೊಗರಿ ಹೊಲಗಳು ಕೆರೆಗಳಾದವು. ನಮ್ಮವ್ವ ಮಾಳಿಗೆ ಮೇಲಿಂದ ನೋಡಿ, "ಬ್ಯಾಸಗ್ಯಾಗ ಒಂದ್ ಕೊಡ ಕೊಡಲಿಲ್ಲ, ಈಗ ಬಂದದ ನೋಡು ಭಾಂಡೆ ತಗೊಂಡು" ಎಂದು ಮೋಡವನ್ನೇ ಬೈದಳು. ಬೈಗುಳದಲ್ಲಿ ತಪ್ಪೇನೂ ಇರಲಿಲ್ಲ.

ಮ್ಯಾನೇಜರು ನಿವೃತ್ತರಾಗಿ ಊರಿನಲ್ಲಿ ಮನೆ ಕಟ್ಟಿಸಿದರು. ಕಟ್ಟಿದ ಮೇಸ್ತ್ರಿ ಚಿತ್ತಾಪುರ ಕಡೆಯವನೇ. ನಮ್ಮವರು ಅಲ್ಲಿಗೆ ದುಡಿಯಲು ಹೋಗುವುದು ಹೊಸದಲ್ಲ. ಹಳೆಯ ಋಣಕ್ಕೆಂದು ಅಂಗಳಕ್ಕೆ ಶಹಾಬಾದ್ ಪರ್ಸಿಯನ್ನೇ ಹಾಸಿಸಿದರು. ಮೊದಲ ಮಳೆಗಾಲ ಕಳೆಯುವ ಮೊದಲೇ ಫೋನು ಬಂತು.

"ಮಾಸ್ಟ್ರೇ, ನಿಮ್ಮ ಕಲ್ಲು ಪೂರ್ತಿ ಪಾಚಿ ಕಟ್ಟಿ ಕೂತಿದೆ. ಕಾಲಿಟ್ಟರೆ ಜಾರುತ್ತದೆ."

"ಅದರದೇನು ತಪ್ಪಿಲ್ರಿ ಸಾಹೇಬ್ರೆ. ಕೋಟಿಗಟ್ಟಲೆ ವರ್ಷ ಆದಮ್ಯಾಲ ಹೊಟ್ಟಿತುಂಬ ನೀರು ಕಂಡದ. ಹಳೇದೆಲ್ಲ ನೆನಪಾಗ್ಯದ."

"ನೆನಪಾಗಿ ಮೀನು ಬಂದರೆ ನಾನೇ ಫೋನ್ ಮಾಡಿ ಹೇಳ್ತೇನೆ ಮಾರಾಯ್ರೆ. ಸದ್ಯಕ್ಕೆ ಅದರ ಮೇಲೆ ಬಿದ್ದದ್ದು ನಮ್ಮ ಮಾವ."