ಎಂಟೂವರೆಗೆ ಬನ್ನಿ, ಮಾತಾಡುವ

ಜುಲೈಯ ಒಂದು ಬೆಳಿಗ್ಗೆ. ಮಂಗಳೂರಿನ ಫಳ್ನೀರಿನಲ್ಲಿ ಒಂದು ಅಪಾರ್ಟ್‌ಮೆಂಟಿನ ತಾರಸಿ. ಅತ್ತ ನೀರಿನ ಟ್ಯಾಂಕ್, ಇತ್ತ ಮೂರು ದಿನದಿಂದ ಒಣಗದ ಬಟ್ಟೆ. ನಡುವೆ ತಲೆಗೆ ಆಲಿಕೆ, ಹೊಟ್ಟೆಯಲ್ಲಿ ಬಾಟಲಿ ಇಟ್ಟುಕೊಂಡ ಮಳೆಮಾಪಕ. ಕೊಡೆ ಹಿಡಿದೇ ಮಾತಿಗೆ ಕೂತೆ.

ಹೇಗಿದ್ದೀರಿ?

ತುಂಬಿದ್ದೇನೆ ಮಾರಾಯ್ರೆ. ಸ್ವಲ್ಪ ಕೊಡೆ ಆಚೆ ಹಿಡೀರಿ, ನನ್ನ ಮಳೆ ನೀವು ತಡೀತಿದ್ದೀರಿ.

ಕ್ಷಮಿಸಿ. ತಾರಸಿಯ ಮೇಲೆ ಯಾಕೆ ಕೂತಿರಿ?

ಮತ್ತೆಲ್ಲಿ? ನಿಯಮದಂತೆ ನಾನು ನೆಲದಲ್ಲಿರಬೇಕು, ನನ್ನ ಬಾಯಿ ನೆಲದಿಂದ 30 ಸೆಂಟಿಮೀಟರ್ ಎತ್ತರದಲ್ಲಿರಬೇಕು. ಪಕ್ಕದ ಕಟ್ಟಡ ಎಷ್ಟು ಎತ್ತರವೋ ಅದರ ಎರಡರಷ್ಟು ದೂರ ನಿಲ್ಲಬೇಕು. ಇಲ್ಲಿ ಒಂದು ಕಟ್ಟಡದಿಂದ ಅಷ್ಟು ದೂರ ಹೋದರೆ ಇನ್ನೊಂದು ಕಟ್ಟಡದ ಲಿಫ್ಟಿನೊಳಗೆ ನಿಲ್ಲಬೇಕಾದೀತು. ಪಣಂಬೂರಿನಲ್ಲಿ, ಬಜಪೆಯಲ್ಲಿ ಹವಾಮಾನ ಇಲಾಖೆಯ ನನ್ನ ದಾಯಾದಿಗಳಿದ್ದಾರೆ. ಅವರದ್ದು ಸರಕಾರಿ ಲೆಕ್ಕ. ನನ್ನದು ಹವ್ಯಾಸ.

ನಿಮ್ಮದು ಹಳೆಯ ಮನೆತನವಂತೆ?

ಕೌಟಿಲ್ಯನ ಅರ್ಥಶಾಸ್ತ್ರದಲ್ಲೇ ನಮ್ಮ ಮುತ್ತಜ್ಜ ಉಂಟು. ಉಗ್ರಾಣದ ಬಳಿ ಇಟ್ಟ, ಒಂದು ಮೊಳ ಅಗಲ ಬಾಯಿಯ ಕುಂಡ. ಅವನು ಮಳೆಯನ್ನು ದ್ರೋಣದ ಲೆಕ್ಕದಲ್ಲಿ ಅಳೆದದ್ದು ಬಿತ್ತನೆಗಾಗಿ. ನನ್ನನ್ನು ಕೇಳುವುದು ಒಂದೇ: ನಾಳೆ ಶಾಲೆಗೆ ರಜೆ ಉಂಟಾ?

ಅದು ಮುಖ್ಯವಲ್ಲವೇ?

ಮುಖ್ಯವೇ. ಆದರೆ ಹಿಂದಿನ ದಿನ ಬೆಳಿಗ್ಗೆ ಎಂಟೂವರೆಯಿಂದ ಈ ದಿನ ಬೆಳಿಗ್ಗೆ ಎಂಟೂವರೆಯವರೆಗೆ ಬಿದ್ದದ್ದು ನನ್ನ ಒಂದು ದಿನದ ಮಳೆ. ನಾನು ಲೆಕ್ಕ ಕೊಡುವಾಗ ರಜೆ ಘೋಷಣೆಯಾಗಿ ಮಕ್ಕಳು ಬಿಸಿಲಲ್ಲಿ ಕ್ರಿಕೆಟ್ ಆಡುತ್ತಿರುತ್ತಾರೆ. ಮುನ್ಸೂಚನೆ ಆಕಾಶದ್ದು, ನನ್ನದು ಬಾಟಲಿಯದ್ದು. 64.5 ಮಿಲಿಮೀಟರ್ ದಾಟಿದರೆ ಭಾರೀ ಮಳೆ, 115.6 ಆದರೆ ಅತಿ ಭಾರೀ, 204.4 ಮೀರಿದರೆ ಅದಕ್ಕೂ ಮೇಲಿನ ದರ್ಜೆ. ನಿಮಗೆ ಮೂರಕ್ಕೂ ಒಂದೇ ಅರ್ಥ: ವಾಟ್ಸಾಪ್ ನೋಡುವುದು.

ಉಳಿದ ಉಪಕರಣಗಳು ಹೇಗಿವೆ?

ಒಣ ಥರ್ಮಾಮೀಟರ್, ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ಎಂದು ಅಣ್ಣತಮ್ಮ ಇಬ್ಬರಿದ್ದಾರೆ. ಅವರ ನಡುವಿನ ವ್ಯತ್ಯಾಸದಿಂದ ಗಾಳಿಯ ತೇವಾಂಶ ತಿಳಿಯುವುದು. ಆಟಿ ತಿಂಗಳ ಮಳೆ ಹಿಡಿದರೆ ಇಬ್ಬರ ಲೆಕ್ಕವೂ ಹೆಚ್ಚುಕಡಿಮೆ ಒಂದೇ. ತಮ್ಮಲ್ಲಿ ಒಣ ಯಾರು, ಒದ್ದೆ ಯಾರು ಎಂದು ಅವರಿಗೇ ಮರೆತುಹೋಗಿದೆ.

ಅಂದರೆ ಮಂಗಳೂರಿನಲ್ಲಿ ನೀರಿಗೆ ಬರವಿಲ್ಲ!

ಹಾಗಂತ ಯಾರು ಹೇಳಿದ್ದು? ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು. 2019ರ ಬೇಸಿಗೆಯಲ್ಲಿ ತುಂಬೆ ಅಣೆಕಟ್ಟಿನ ನೀರು ಇಳಿದು, ನಳ್ಳಿಗೆ ಸರದಿ ಹಾಕಿದ್ದು ಇದೇ ಊರಿನಲ್ಲಿ. ಲೆಕ್ಕ ಹಾಕುವ, ಬನ್ನಿ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಐದು ಸೆಂಟ್ಸ್ ಅಂದರೆ ಸುಮಾರು 200 ಚದರ ಮೀಟರ್. ಅದರ ಮೇಲೆ 100 ಮಿಲಿಮೀಟರ್ ಸುರಿದರೆ 20,000 ಲೀಟರ್. ಆರು ಸಾವಿರ ಲೀಟರಿನ ಟ್ಯಾಂಕರಾದರೆ ಮೂರು ಲೋಡಿಗೂ ಮಿಕ್ಕು.

ಅಷ್ಟೂ ನೀರು ಎಲ್ಲಿ ಹೋಯಿತು?

ಅದನ್ನು ನನ್ನಲ್ಲಿ ಕೇಳಬೇಡಿ. ನಾನು ಬಿದ್ದದ್ದನ್ನು ಅಳೆಯುವವ. ಬಿದ್ದ ಮೇಲೆ ಹೋದದ್ದನ್ನು ಅಳೆಯಲು ನೀವು ಯಾರನ್ನೂ ಇಟ್ಟಿಲ್ಲ. ಅಂಗಳಕ್ಕೆ ಇಂಟರ್‌ಲಾಕ್ ಹಾಕಿದಿರಿ, ಬಾವಿಗೆ ಮುಚ್ಚಳ ಹಾಕಿದಿರಿ. ತಾರಸಿಯ ನೀರು ಪೈಪಿಗೆ, ಪೈಪಿನದ್ದು ಚರಂಡಿಗೆ, ಚರಂಡಿಯದ್ದು ರಸ್ತೆಗೆ. ಏಪ್ರಿಲ್‌ನಲ್ಲಿ ಟ್ಯಾಂಕರಿನವರಿಗೆ ಫೋನ್. ಹೆಸರಿನಲ್ಲೇ ನೀರು ಇಟ್ಟುಕೊಂಡ ಫಳ್ನೀರಿಗೆ ನೀರು ಲಾರಿಯಲ್ಲಿ ಬರುವುದು!

ಕೊನೆಗೆ, ಓದುಗರಿಗೆ ಒಂದು ಮಾತು?

ನನ್ನನ್ನು ಓದದಿದ್ದರೂ ಅಡ್ಡಿಯಿಲ್ಲ. ನಿಮ್ಮ ತಾರಸಿಯ ಪೈಪು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಒಮ್ಮೆ ಇಳಿದು ನೋಡಿ. ಬಾವಿ ಇದ್ದರೆ ಸೋಸಿ ಅದಕ್ಕೆ ತಿರುಗಿಸಿ, ಇಲ್ಲದಿದ್ದರೆ ಒಂದು ಇಂಗುಗುಂಡಿ ತೋಡಿ. ರಜೆ ಹೇಗೂ ಸಿಕ್ಕಿದೆಯಲ್ಲ.