ನವಿಲುಗರಿ ಮರಿ ಹಾಕಿತು

ಪ್ರಾಥಮಿಕ ಶಾಲೆಯಲ್ಲಿ ಪುಸ್ತಕದ ನಡುವೆ ನವಿಲುಗರಿ ಇಟ್ಟು, ಅದಕ್ಕೆ ಪೆನ್ಸಿಲ್ ಕೆತ್ತಿದ ಚೂರು ಉಣಿಸಿ, ಮರಿ ಹಾಕುತ್ತದೆಂದು ವರ್ಷಗಟ್ಟಲೆ ಕಾದವನು ನಾನು. ಹಾಕಲಿಲ್ಲ. ನಲವತ್ತು ವರ್ಷ ತಡವಾಗಿ, ಹೋದ ತಿಂಗಳು, ಕಂಪ್ಯೂಟರಿನಲ್ಲಿ ಹಾಕಿತು.

ನನ್ನ ಬುಕ್‌ಮಾರ್ಕುಗಳು 612. ಕಂಟ್ರೋಲ್ ಜೊತೆ ಡಿ ಒತ್ತುವುದು ನನಗೊಂದು ಚಟ. ಓದಲು ಅರ್ಧ ಗಂಟೆ ಬೇಕು, ಒತ್ತಲು ಅರೆಗಳಿಗೆ ಸಾಕು. ಒತ್ತಿದರೆ ಓದಿದಷ್ಟೇ ಸಮಾಧಾನ. ‘ಆಮೇಲೆ ಓದಲು’ ಎಂಬ ಫೋಲ್ಡರು ತುಂಬಿ ‘ಆಮೇಲೆ ಓದಲು 2’ ಹುಟ್ಟಿದೆ. ‘ತುರ್ತು’ ಎಂಬುದರೊಳಗೆ 2014ರ ರೈಲು ವೇಳಾಪಟ್ಟಿ, ಕೈಗಂಟಿದ ಹಲಸಿನ ಮೇಣ ಬಿಡಿಸುವ ಉಪಾಯ, ಮತ್ತೆ ‘ಮುಖಪುಟ’ ಎಂಬ ಒಂದೇ ಹೆಸರಿನ ಒಂಬತ್ತು ಪುಟ. ಪುಟದವರು ಇಟ್ಟ ಹೆಸರನ್ನೇ ಬುಕ್‌ಮಾರ್ಕೂ ಹೊತ್ತು ಬರುತ್ತದೆ, ಬದಲಿಸುವ ಸೋಮಾರಿತನ ನಮ್ಮದು. ಯಾರ ಮುಖ ಯಾವುದೋ!

ಹೊಸ ಲ್ಯಾಪ್‌ಟಾಪ್ ಬಂತು. ಹಳೆಯದರಿಂದ ಎಲ್ಲವನ್ನೂ ಒಂದು ಎಚ್‌ಟಿಎಂಎಲ್ ಫೈಲಾಗಿ ಇಳಿಸಿಕೊಂಡೆ. ಕುತೂಹಲಕ್ಕೆ ನೋಟ್‌ಪ್ಯಾಡಿನಲ್ಲಿ ಬಿಚ್ಚಿದರೆ ಮೊದಲ ಸಾಲಿನಲ್ಲೇ ನೆಟ್‌ಸ್ಕೇಪ್! ಆ ಬ್ರೌಸರಿಗೆ 2008ರಲ್ಲೇ ಎಳ್ಳುನೀರು ಬಿಟ್ಟಾಗಿದೆ. ಆದರೂ ಇವತ್ತಿನ ಕ್ರೋಮ್, ಫೈರ್‌ಫಾಕ್ಸ್‌ಗಳು ಇಳಿಸಿಕೊಡುವ ಬುಕ್‌ಮಾರ್ಕ್ ಫೈಲಿನ ನೆತ್ತಿಯ ಮೇಲೆ ಅದರದೇ ಹೆಸರು. ವಂಶ ನಿಂತರೂ ಗೋತ್ರ ನಿಂತಿಲ್ಲ.

ಆ ಫೈಲನ್ನು ಫೈರ್‌ಫಾಕ್ಸ್‌ಗೆ ಇಂಪೋರ್ಟ್ ಮಾಡಿದೆ. ಮೇಲಿನ ಪಟ್ಟಿಯಲ್ಲಿ ಏನೂ ಕಾಣಲಿಲ್ಲ. ಆಗಲಿಲ್ಲವೇನೋ ಎಂದು ಇನ್ನೊಮ್ಮೆ ಮಾಡಿದೆ. ಮೂರನೆಯ ಸಲ ಸಿಟ್ಟಿನಲ್ಲಿ ಮಾಡಿದೆ. ಅವೆಲ್ಲ ಮೆನುವಿನ ಒಳಗೆ, ಮದುವೆಮನೆಯ ಹಿಂಬಾಗಿಲಿನಿಂದ ಬಂದು ಪಂಕ್ತಿ ಹಿಡಿದವರಂತೆ, ಸದ್ದಿಲ್ಲದೆ ಕೂತಿದ್ದವು. ಎಣಿಸಿದರೆ 1,836. ನವಿಲುಗರಿ!

ರಾತ್ರಿ ಮೊಬೈಲು ನೋಡುತ್ತೇನೆ, ಅಲ್ಲೂ ಅದೇ ಸಂತೆ. ಫೋನಿನಲ್ಲಿ ಇಷ್ಟೆಲ್ಲ ಯಾಕೆಂದು ಫೋಲ್ಡರುಗಳನ್ನು ಒಂದೊಂದಾಗಿ ಒರೆಸಿ ಹಾಕಿ ನಿಶ್ಚಿಂತೆಯಾಗಿ ಮಲಗಿದೆ. ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದರೆ ಬಟಾಬಯಲು.

“ಅಪ್ಪಾ, ಸಿಂಕ್ ಆನ್ ಇದ್ರೆ ಅಲ್ಲಿ ಅಳಿಸಿದ್ದು ಇಲ್ಲೂ ಹೋಗತ್ತೆ. ಮೊದ್ಲು ಅದನ್ನ ಆಫ್ ಮಾಡ್ಬೇಕಿತ್ತು,” ಎಂದಳು ಮಗಳು ಫೋನಿನಲ್ಲಿ. ತಪ್ಪು ಯಂತ್ರದ್ದಲ್ಲ, ಹೇಳಿದ್ದನ್ನು ಅದು ಎರಡೂ ಕಡೆ ನಿಷ್ಠೆಯಿಂದ ಮಾಡಿತ್ತು. ಕಂಟ್ರೋಲ್, ಶಿಫ್ಟ್, ಓ ಒಟ್ಟಿಗೆ ಒತ್ತಿಸಿದಳು. ತೆರೆದ ಕಿಟಕಿಯಲ್ಲಿ ‘ಇಂಪೋರ್ಟ್ ಆಂಡ್ ಬ್ಯಾಕಪ್’, ಅದರೊಳಗೆ ‘ರಿಸ್ಟೋರ್’, ಅಲ್ಲಿ ತಾರೀಖುಗಳ ಸಾಲು. ನಾವು ಕೇಳದಿದ್ದರೂ ಫೈರ್‌ಫಾಕ್ಸ್ ಹದಿನೈದರವರೆಗೆ ಹಳೆಯ ಪ್ರತಿಗಳನ್ನು ತಾನೇ ತೆಗೆದಿಟ್ಟಿರುತ್ತದಂತೆ. ನಮ್ಮಜ್ಜಿ ಸಾಸಿವೆ ಡಬ್ಬಿಯಲ್ಲಿ ಚಿಲ್ಲರೆ ಬಚ್ಚಿಟ್ಟ ಹಾಗೆ. ನಿನ್ನೆಯ ತಾರೀಖು ಒತ್ತಿದೆ. ಎಲ್ಲ ವಾಪಸು ಬಂದವು, ಮರಿಗಳ ಸಮೇತ.

ಮೊನ್ನೆ ಭಾನುವಾರ ಹಲಸಿನಹಣ್ಣು ಕೊಯ್ದೆ. ಕೈತುಂಬ ಮೇಣ. ‘ತುರ್ತು’ ನೆನಪಾಗಿ ಮೊಣಕೈಯಲ್ಲೇ ಲ್ಯಾಪ್‌ಟಾಪ್ ತೆರೆಯಲು ಹೊರಟೆ. “ರೀ, ಅದನ್ನ ಮುಟ್ಬೇಡಿ!” ಎಂದು ಓಡಿಬಂದ ಹೆಂಡತಿ ನನ್ನ ಪರವಾಗಿ ಹುಡುಕಿದಳು. ಮೇಣದ ಪುಟ ಮೂರು ಪ್ರತಿ ಸಿಕ್ಕಿತು. ಮೂರೂ ತೆರೆಯಲಿಲ್ಲ, ಆ ತಾಣವೇ ಮುಚ್ಚಿಹೋಗಿದೆ. ಅವಳು ಒಳಗೆ ಹೋಗಿ ಕೊಬ್ಬರಿ ಎಣ್ಣೆ ತಂದಳು. ಎರಡು ನಿಮಿಷದಲ್ಲಿ ಬಿಟ್ಟಿತು.